ಕಪ್ಪು ಪರದೆಯಿಂದ ನೀಲಿ ಪರದೆಗೆ: ಹಳೆಯ ಕಮೊಡೋರ್ 64 ರಿಪೇರಿಗೆ ಹನ್ನೊಂದು ವಾರ

ಚಿಕ್ಕಪ್ಪನ ಕಮೊಡೋರ್ 64 ಕಳೆದ ವಾರ ಮತ್ತೆ ಶುರುವಾಯಿತು. ನಾನು ಕೈ ಹಾಕಿದ ದಿನದಿಂದ ಎಣಿಸಿದರೆ ಹನ್ನೊಂದು ವಾರ. ಅದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಎಂಟ್ಹತ್ತು ಸಂಜೆ ಅಷ್ಟೇ. ಉಳಿದದ್ದೆಲ್ಲ ಬಿಡಿಭಾಗಕ್ಕೆ ಕಾದದ್ದು, ತಪ್ಪು ದಾರಿ ಹಿಡಿದು ವಾಪಸ್ ಬಂದದ್ದು. ಇಂಥದ್ದೇ ಒಂದು ಯಂತ್ರ ನಿಮ್ಮ ಕೈಗೂ ಬಂದಿದ್ದರೆ ಅಷ್ಟು ವಾರ ನಿಮಗೂ ಹೋಗದಿರಲಿ ಅಂತ ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಮೊಡೋರ್ 64 ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಕೀಬೋರ್ಡ್ ಒಳಗೇ ಇಡೀ ಕಂಪ್ಯೂಟರ್ ಇರುತ್ತದೆ. ಟಿವಿಗೆ ಸಿಕ್ಕಿಸಿದರೆ ಆಯಿತು. 64 ಕಿಲೋಬೈಟ್ ಮೆಮೊರಿ, ಸುಮಾರು ಒಂದು ಮೆಗಾಹರ್ಟ್ಸ್ ವೇಗದ 6510 ಪ್ರೊಸೆಸರ್. ಚಿಕ್ಕಪ್ಪ ಪ್ರೋಗ್ರಾಮ್ ಬರೆಯಲು ಕಲಿತದ್ದು ಇದರಲ್ಲೇ. ಆಮೇಲೆ ಅದು ಡಬ್ಬಿ ಸೇರಿ, ಅಟ್ಟ ಸೇರಿ, ಮೂವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಇತ್ತು. ಅಟ್ಟ ಖಾಲಿ ಮಾಡುವಾಗ ನನ್ನ ಕೈಗೆ ಕೊಟ್ಟು, ‘ಇಡೋವಾಗ ಸರಿಯಾಗೇ ಇತ್ತು ಕಣೇ, ಈಗ ಏನಾಗಿದೆಯೋ ನೋಡು’ ಅಂದರು.

ನಾನು ನೋಡಿದ ರೀತಿಯೇ ತಪ್ಪಾಗಿತ್ತು. ಮನೆಗೆ ತಂದ ದಿನವೇ ಧೂಳು ಒರೆಸಿ, ಡಬ್ಬಿಯಲ್ಲಿದ್ದ ಹಳೆಯ ಪವರ್ ಸಪ್ಲೈಯನ್ನೇ ಸಿಕ್ಕಿಸಿ ಸ್ವಿಚ್ ಹಾಕಿಬಿಟ್ಟೆ. ಕೆಂಪು ದೀಪ ಹತ್ತಿತು. ಎಷ್ಟು ಖುಷಿಯಾಯಿತು ಅಂದರೆ, ಪರದೆ ಕಪ್ಪಾಗಿದ್ದರೂ ಟಿವಿಯದ್ದೇ ತೊಂದರೆ ಅಂದುಕೊಂಡೆ. ಚಾನೆಲ್ ಬದಲಿಸಿದೆ, ಕೇಬಲ್ ಬದಲಿಸಿದೆ, ಆಫ್ ಮಾಡಿ ಆನ್ ಮಾಡಿದೆ. ಹೀಗೆ ಮುಕ್ಕಾಲು ಗಂಟೆ ಹೋಯಿತು. ಆ ಮುಕ್ಕಾಲು ಗಂಟೆಯನ್ನು ಈಗ ನೆನೆದರೂ ಹೊಟ್ಟೆ ಕಿವುಚುತ್ತದೆ. ಯಾಕೆ ಅಂತ ಹೇಳುತ್ತೇನೆ.

ಈ ಕಂಪ್ಯೂಟರ್‌ಗೆ ಹೊರಗಿನ ಪವರ್ ಸಪ್ಲೈಯಿಂದ ಎರಡು ಬಗೆಯ ವಿದ್ಯುತ್ ಬರುತ್ತದೆ. ಒಂದು 5 ವೋಲ್ಟ್ ಡಿಸಿ, ಇನ್ನೊಂದು 9 ವೋಲ್ಟ್ ಎಸಿ. ಚಿಪ್‌ಗಳಲ್ಲಿ ಹೆಚ್ಚಿನವು ಆ 5 ವೋಲ್ಟನ್ನು ನೇರವಾಗಿ ಕುಡಿಯುತ್ತವೆ. ನಡುವೆ ಕಾಪಾಡುವವರು ಯಾರೂ ಇಲ್ಲ. ಪವರ್ ಸಪ್ಲೈ ಒಳಗೆ ವೋಲ್ಟೇಜನ್ನು ಸ್ಥಿರವಾಗಿ ಹಿಡಿದಿಡುವ ರೆಗ್ಯುಲೇಟರ್ ವಯಸ್ಸಾಗಿ ಕೆಟ್ಟರೆ ವೋಲ್ಟೇಜ್ ಬಿದ್ದುಹೋಗುವ ಬದಲು ಮೇಲಕ್ಕೆ ಏರಬಹುದು. ಹಾಗೆ ಏರಿದಾಗ ಮೊದಲು ಸಾಯುವುದು ಸಾಮಾನ್ಯವಾಗಿ ಮೆಮೊರಿ ಚಿಪ್‌ಗಳು. ಇದನ್ನು ನಾನು ಓದಿದ್ದು ಮರುದಿನ ಬೆಳಿಗ್ಗೆ.

ಓದಿದ ಕೂಡಲೇ ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿದು ಕೂತೆ. ಏಳು ಪಿನ್ನಿನ ದುಂಡನೆಯ ಪ್ಲಗ್ ಅದು. 5ನೇ ಪಿನ್‌ನಲ್ಲಿ 5 ವೋಲ್ಟ್, 2ನೇ ಪಿನ್ ಗ್ರೌಂಡ್, 6 ಮತ್ತು 7ರ ನಡುವೆ 9 ವೋಲ್ಟ್ ಎಸಿ. ಪಿನ್‌ಗಳು ಸಾಲಾಗಿ 1, 2, 3 ಅಂತ ಇರುವುದಿಲ್ಲ, ಜೊತೆಗೆ ಮುಂದಿನಿಂದ ನೋಡಿದರೆ ಒಂದು ಥರ, ಹಿಂದಿನಿಂದ ನೋಡಿದರೆ ಎಡಬಲ ಅದಲುಬದಲು. ನಕ್ಷೆ ಎದುರಿಗೆ ಇಟ್ಟುಕೊಳ್ಳದೆ ಅಳೆಯಬೇಡಿ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಮೀಟರ್ 5.1 ತೋರಿಸಿತು. ನಿಟ್ಟುಸಿರು ಬಿಟ್ಟೆ. ಆದರೆ ಭಾರ ಇಲ್ಲದೆ, ಅಂದರೆ ವಿದ್ಯುತ್ ಎಳೆಯುವ ಏನನ್ನೂ ಜೋಡಿಸದೆ ಅಳೆದರೆ ಅರ್ಧ ಸತ್ಯ ಮಾತ್ರ ಗೊತ್ತಾಗುತ್ತದೆ ಅಂತ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಕಂಪ್ಯೂಟರ್ ಬದಲಿಗೆ 5 ಓಮ್, 10 ವಾಟ್‌ನ ಒಂದು ರೆಸಿಸ್ಟರ್ ಜೋಡಿಸಿದೆ. ಅದು ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಚೆನ್ನಾಗಿ ಬಿಸಿಯಾಗುತ್ತದೆ, ಅದಕ್ಕೆ ಟೈಲ್ಸ್ ತುಂಡಿನ ಮೇಲೆ ಇಟ್ಟಿದ್ದೆ. ಮೊದಲ ಹತ್ತು ನಿಮಿಷ 5.1 ಅಲ್ಲಾಡಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ 5.6. ಮೂವತ್ತೈದನೇ ನಿಮಿಷಕ್ಕೆ 6.3. ಅಲ್ಲಿಗೆ ನಿಲ್ಲಿಸಿದೆ. ಈ ಚಿಪ್‌ಗಳಿಗೆ ಹೆಚ್ಚೆಂದರೆ 5.25 ವೋಲ್ಟ್ ಕೊಡಬಹುದು. ಹಿಂದಿನ ದಿನ ನಾನು ಮುಕ್ಕಾಲು ಗಂಟೆ ಅದೇ ಸಪ್ಲೈಯಲ್ಲಿ ಕಂಪ್ಯೂಟರ್ ಓಡಿಸಿದ್ದೆ.

ಅದು ಅಟ್ಟದಲ್ಲಿದ್ದಾಗಲೇ ಕೆಟ್ಟಿತ್ತೋ, ನಾನು ಕೆಡಿಸಿದೆನೋ ಅಂತ ಹೇಳಲು ಯಾವ ದಾರಿಯೂ ಇಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ‘ಹೋಗಲಿ ಬಿಡು, ನೀನು ಮುಟ್ಟದಿದ್ರೆ ಅದು ಅಟ್ಟದಲ್ಲೇ ಇರ್ತಿತ್ತಲ್ಲ’ ಅಂದರು. ಅವರು ಅಷ್ಟು ಸಮಾಧಾನವಾಗಿ ಹೇಳಿದ್ದೇ ನನಗೆ ಇನ್ನೂ ಸಂಕಟವಾಯಿತು. ಇದನ್ನು ಸರಿ ಮಾಡಿಯೇ ತೀರಬೇಕು ಅಂತ ಆವತ್ತು ಗಟ್ಟಿಯಾಯಿತು.

ಹಳೆಯ ಸಪ್ಲೈಯನ್ನು ಬಿಚ್ಚಿ ರಿಪೇರಿ ಮಾಡುವ ಯೋಚನೆ ನಿಮಗೂ ಬರಬಹುದು. ನನ್ನದರಲ್ಲಿ ಒಳಗೆಲ್ಲ ಗಟ್ಟಿ ಅಂಟು ಸುರಿದು ತುಂಬಿಸಿದ್ದರು. ಇಟ್ಟಿಗೆಯಷ್ಟು ಭಾರ. ಅದನ್ನು ಒಡೆಯಲು ಹೋಗಬೇಡಿ. ಒಳಗೆ ಮನೆಯ ಕರೆಂಟ್ ನೇರವಾಗಿ ಬರುತ್ತದೆ. ಈಗಿನ ಭಾಗಗಳಿಂದ ಹೊಸದಾಗಿ ಮಾಡಿದ ಸಪ್ಲೈ ಸಿಗುತ್ತದೆ, ವೋಲ್ಟೇಜ್ ಮೀರಿದರೆ ತಾನೇ ಕಡಿದುಹಾಕುವ ರಕ್ಷಣೆ ಇರುವಂಥದ್ದು. ನನ್ನ ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು. ಬರಲು ಎರಡೂವರೆ ವಾರ.

ಆ ಎರಡೂವರೆ ವಾರದಲ್ಲಿ ಕಂಪ್ಯೂಟರ್ ಬಿಚ್ಚಿದೆ. ತಳದಲ್ಲಿ ಮೂರೇ ಸ್ಕ್ರೂ. ಮೇಲಿನ ಅರ್ಧ ಎತ್ತುವಾಗ ನಿಧಾನ, ಕೀಬೋರ್ಡಿನ ವೈರ್ ಮತ್ತು ದೀಪದ ವೈರ್ ಎರಡೂ ಬೋರ್ಡಿಗೆ ಸಿಕ್ಕಿಸಿರುತ್ತವೆ. ಒಂದೊಂದು ಹೆಜ್ಜೆಗೂ ಫೋಟೋ ತೆಗೆದುಕೊಂಡೆ. ಇದು ಆಮೇಲೆ ಎಷ್ಟು ಸಲ ಉಪಯೋಗಕ್ಕೆ ಬಂತೋ ಲೆಕ್ಕವಿಲ್ಲ. ಬೋರ್ಡಿನ ಮೇಲೆ ಒಂದು ನಂಬರ್ ಅಚ್ಚಾಗಿರುತ್ತದೆ. ನನ್ನದು 250425. ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಈ ಕಂಪ್ಯೂಟರಿನ ಬೋರ್ಡುಗಳು ಹಲವು ಬಗೆ ಇವೆ, ನಕ್ಷೆಗಳು ಬೇರೆ ಬೇರೆ. ಚಿಪ್‌ಗಳ ಜಾಗವೂ ಒಂದೇ ಥರ ಇರುವುದಿಲ್ಲ. ಸರ್ವಿಸ್ ಮ್ಯಾನುಯಲ್ ಮತ್ತು ಸರ್ಕ್ಯೂಟ್ ನಕ್ಷೆ ಸ್ಕ್ಯಾನ್ ಆಗಿ ಸಿಗುತ್ತವೆ. ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿಕೊಂಡೆ. ಮೊಬೈಲಿನಲ್ಲಿ ಎಳೆದು ಎಳೆದು ನೋಡುತ್ತಾ ಕೂತರೆ ಗೆರೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತಲೇ ತಪ್ಪಿಹೋಗುತ್ತದೆ.

ಹೊಸ ಸಪ್ಲೈ ಬಂದಿತು. ಅದನ್ನೂ ರೆಸಿಸ್ಟರ್ ಜೋಡಿಸಿ ಒಂದು ಗಂಟೆ ಅಳೆದೇ ಸಿಕ್ಕಿಸಿದೆ. ದೀಪ ಹತ್ತಿತು, ಪರದೆ ಕಪ್ಪು. ಇಲ್ಲಿ ಒಂದು ಮಾತು. ದೀಪ ಹತ್ತಿದರೆ 5 ವೋಲ್ಟ್ ಬಂದಿದೆ ಅಂತ ಮಾತ್ರ ಅರ್ಥ. 9 ವೋಲ್ಟ್ ಎಸಿಗೆ ಬೋರ್ಡಿನ ಮೇಲೆ ಬೇರೆ ಒಂದು ಫ್ಯೂಸ್ ಇದೆ. ನನ್ನಂಥ ಹಳೆಯ ಉದ್ದ ಬೋರ್ಡುಗಳಲ್ಲಿ ಚಿತ್ರ ಮೂಡಿಸುವ ಚಿಪ್‌ಗೆ ಬೇಕಾದ 12 ವೋಲ್ಟ್ ಮತ್ತು ಇನ್ನೊಂದು 5 ವೋಲ್ಟ್ ತಯಾರಾಗುವುದು ಆ 9 ವೋಲ್ಟಿನಿಂದಲೇ. ಫ್ಯೂಸ್ ಹೋಗಿದ್ದರೂ ದೀಪ ಹತ್ತಿಕೊಂಡೇ ಇರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಫ್ಯೂಸ್ ನೋಡಿ, ಆ 12 ಮತ್ತು 5 ವೋಲ್ಟ್ ಕೊಡುವ 7812 ಮತ್ತು 7805 ರೆಗ್ಯುಲೇಟರ್‌ಗಳ ಕಾಲಿನಲ್ಲಿ ವೋಲ್ಟೇಜ್ ಅಳೆಯಿರಿ. ನನ್ನಲ್ಲಿ ಎರಡೂ ಸರಿಯಾಗಿದ್ದವು.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಅರ್ಥವಾಯಿತು. ಕಪ್ಪು ಪರದೆಯಲ್ಲೇ ಎರಡು ಬಗೆ ಇದೆ. ಟಿವಿ ‘ಸಿಗ್ನಲ್ ಇಲ್ಲ’ ಅಂದರೆ ಒಂದು. ಟಿವಿಗೆ ಸಿಗ್ನಲ್ ಸಿಕ್ಕಿ, ಆ ಸಿಗ್ನಲ್ಲೇ ಕಪ್ಪಾಗಿದ್ದರೆ ಇನ್ನೊಂದು. ನನ್ನದು ಎರಡನೆಯದು. ಅಂದರೆ ವಿಐಸಿ-2 ಅನ್ನುವ ಚಿತ್ರದ ಚಿಪ್ ಜೀವಂತವಾಗಿದೆ. ಬಣ್ಣ ಹಾಕು ಅಂತ ಅದಕ್ಕೆ ಹೇಳಬೇಕಾದದ್ದು ಪ್ರೊಸೆಸರ್. ಆ ಮಾತು ಬಂದೇ ಇಲ್ಲ, ಅದಕ್ಕೆ ಅದು ಕಪ್ಪನ್ನೇ ಬಿಡಿಸುತ್ತಾ ಕೂತಿದೆ. ಈ ವ್ಯತ್ಯಾಸವನ್ನು ಮೊದಲ ದಿನವೇ ಗಮನಿಸಿದ್ದರೆ ಟಿವಿ ಕೇಬಲ್ ಬದಲಿಸುತ್ತಾ ಕೂರುತ್ತಿರಲಿಲ್ಲ.

ಹಾಗಾದರೆ ಪ್ರೊಸೆಸರ್ ಯಾಕೆ ಮಾತಾಡುತ್ತಿಲ್ಲ? ಪ್ರೊಸೆಸರೇ ಸತ್ತಿರಬಹುದು, ರಾಮ್ (ಬರೆದು ಅಳಿಸುವ ಮೆಮೊರಿ) ಸತ್ತಿರಬಹುದು, ರೋಮ್ (ಕಾಯಂ ಪ್ರೋಗ್ರಾಮ್ ಇರುವ ಮೆಮೊರಿ) ಸತ್ತಿರಬಹುದು, ಅಥವಾ ಪಿಎಲ್‌ಎ. ಪ್ರೊಸೆಸರ್ ಒಂದು ವಿಳಾಸ ಕೇಳಿದಾಗ ರಾಮ್ ಉತ್ತರ ಕೊಡಬೇಕೋ ರೋಮ್ ಕೊಡಬೇಕೋ ಅಂತ ತೀರ್ಮಾನ ಮಾಡುವ ಚಿಪ್ ಪಿಎಲ್‌ಎ. ಅದು ಕೆಟ್ಟರೆ ಕಪ್ಪು ಪರದೆ ಬರುತ್ತದೆ, ಬೇಗ ಕೆಡುವ ಚಿಪ್ ಅನ್ನುವ ಹೆಸರೂ ಅದಕ್ಕಿದೆ. ಓದಿದಲ್ಲೆಲ್ಲ ‘ಕಪ್ಪು ಪರದೆಯಾದರೆ ಪಿಎಲ್‌ಎ’ ಅಂತ ಇತ್ತು. ಮುಟ್ಟಿ ನೋಡಿದರೆ ಸುಡುತ್ತಿತ್ತು ಕೂಡ. ಇದೇ ಅಂತ ನಂಬಿದೆ. ಬದಲಿ ಚಿಪ್ ತರಿಸಿದೆ. ಮೂರು ವಾರ ಕಾದೆ.

ಬಂದ ದಿನ ಸಂಜೆ ಕೈ ನಡುಗುತ್ತಿತ್ತು. ಪಿಎಲ್‌ಎ ಸಾಕೆಟ್‌ನಲ್ಲಿ ಕೂತಿದ್ದರಿಂದ ಬೆಸುಗೆ ಕೆಲಸ ಇರಲಿಲ್ಲ. ಹಳೆಯದನ್ನು ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ ತೆಗೆದೆ, ಹೊಸದನ್ನು ಕೂರಿಸಿದೆ. ಸ್ವಿಚ್ ಹಾಕಿದೆ. ಕಪ್ಪು.

ಆಮೇಲೆ ತಿಳಿಯಿತು, ಚೆನ್ನಾಗಿರುವ ಪಿಎಲ್‌ಎ ಕೂಡ ಬಿಸಿಯಾಗಿಯೇ ಇರುತ್ತದೆ. ಹಳೆಯ ಚಿಪ್ ಈಗಲೂ ಸರಿಯಾಗಿದೆ, ಕೊನೆಗೆ ಅದನ್ನೇ ವಾಪಸ್ ಹಾಕಿದ್ದೇನೆ. ಮೂರು ವಾರ ಹೋಯಿತು ಅನ್ನುವುದಕ್ಕಿಂತ, ಒಂದೂ ಪರೀಕ್ಷೆ ಮಾಡದೆ ಊಹೆಯನ್ನು ನಂಬಿದೆನಲ್ಲ ಅನ್ನುವುದು ಜಾಸ್ತಿ ನೋಯಿಸಿತು. ಒಂದು ವಾರ ಅದನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಬೋರ್ಡ್ ನೋಡಿದಾಗಲೆಲ್ಲ ಬೇಜಾರು. ಬಟ್ಟೆ ಮುಚ್ಚಿಟ್ಟೆ. ನಿಮಗೂ ಇಂಥ ವಾರ ಬರಬಹುದು. ಬಂದರೆ ಸುಮ್ನೆ ಬಿಟ್ಟುಬಿಡಿ, ಆ ಮನಸ್ಸಿನಲ್ಲಿ ಬೆಸುಗೆ ಕಡ್ಡಿ ಮಾತ್ರ ಹಿಡಿಯಬೇಡಿ.

ಮತ್ತೆ ಕೂತಾಗ ಒಂದು ನಿಯಮ ಮಾಡಿಕೊಂಡೆ. ಅಳೆಯದೆ ಏನನ್ನೂ ಬದಲಿಸುವುದಿಲ್ಲ. ಒಂದು ನೋಟ್‌ಪುಸ್ತಕ ಇಟ್ಟುಕೊಂಡು ತಾರೀಕು, ಅಳೆದದ್ದು, ಕಂಡದ್ದು ಬರೆಯತೊಡಗಿದೆ. ಲಾಜಿಕ್ ಪ್ರೋಬ್ ಒಂದು ತೆಗೆದುಕೊಂಡೆ. ಪೆನ್ನಿನಂಥ ಸಾಧನ, ಕಾಲಿಗೆ ತಾಗಿಸಿದರೆ ಅಲ್ಲಿ ವೋಲ್ಟೇಜ್ ಮೇಲಿದೆಯಾ, ಕೆಳಗಿದೆಯಾ, ಮಿಡಿಯುತ್ತಿದೆಯಾ ಅಂತ ದೀಪದಲ್ಲಿ ತೋರಿಸುತ್ತದೆ. 6510ರ 40ನೇ ಕಾಲು ರೀಸೆಟ್. ಸ್ವಿಚ್ ಹಾಕಿದ ಕ್ಷಣ ಕೆಳಗಿದ್ದು ಆಮೇಲೆ ಮೇಲಕ್ಕೆ ಹೋಗಬೇಕು. ಹೋಯಿತು. ಒಂದನೇ ಕಾಲಿನಲ್ಲಿ ಕ್ಲಾಕ್ ಮಿಡಿಯಬೇಕು. ಮಿಡಿಯುತ್ತಿತ್ತು. ವಿಳಾಸದ ಗೆರೆಗಳೂ ಅಲ್ಲಾಡುತ್ತಿದ್ದವು. ಪ್ರೊಸೆಸರ್ ಓಡುತ್ತಿದೆ, ಆದರೆ ದಾರಿ ತಪ್ಪಿ ಎಲ್ಲೋ ಅಲೆಯುತ್ತಿದೆ.

ರಾಮ್ ಮೇಲೆ ಅನುಮಾನ ಬಂದದ್ದು ಇಲ್ಲಿ. ಈ ಬೋರ್ಡಿನಲ್ಲಿ 4164 ಅನ್ನುವ ಎಂಟು ಚಿಪ್‌ಗಳಿವೆ. ಒಂದೊಂದು ಬೈಟಿನ ಎಂಟು ಬಿಟ್‌ಗಳನ್ನು ಎಂಟೂ ಚಿಪ್ ಹಂಚಿಕೊಳ್ಳುತ್ತವೆ, ಒಬ್ಬೊಬ್ಬರಿಗೆ ಒಂದೊಂದು ಬಿಟ್. ಹಾಗಾಗಿ ಒಂದೇ ಒಂದು ಚಿಪ್ ಸತ್ತರೂ ಮೆಮೊರಿಯ ಪ್ರತಿಯೊಂದು ಬೈಟೂ ಹಾಳು. ಪ್ರೊಸೆಸರ್ ತಾನು ಎಲ್ಲಿಗೆ ವಾಪಸ್ ಬರಬೇಕು ಅಂತ ಬರೆದಿಟ್ಟುಕೊಳ್ಳುವುದೂ ಅದೇ ಮೆಮೊರಿಯಲ್ಲಿ. ಅದು ತಪ್ಪಿದರೆ ಬಣ್ಣ ಹಾಕುವ ಹಂತದವರೆಗೂ ಬರುವುದಿಲ್ಲ.

ಕೆಟ್ಟ ರಾಮ್ ಚಿಪ್ ಸುಡುತ್ತದೆ, ಬೆರಳಿಟ್ಟು ನೋಡಿ ಅನ್ನುತ್ತಾರೆ. ನೋಡಿದೆ, ಎಂಟೂ ಒಂದೇ ಥರ ಬೆಚ್ಚಗಿದ್ದವು. ಚೆನ್ನಾಗಿರುವ ಚಿಪ್ಪನ್ನು ಅನುಮಾನದ ಚಿಪ್ಪಿನ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಕೂರಿಸಿ ನೋಡುವ ಉಪಾಯವೂ ಇದೆ. ಒಂದು ಚಿಪ್ ಹೊಂದಿಸಿಕೊಂಡು ಎಂಟರ ಮೇಲೂ ಒಂದೊಂದಾಗಿ ಇಟ್ಟು ನೋಡಿದೆ. ಪ್ರತಿ ಸಲವೂ ಆಫ್ ಮಾಡಿಯೇ ಇಡಬೇಕು, ದಿಕ್ಕು ತಪ್ಪಬಾರದು. ಏನೂ ಬದಲಾಗಲಿಲ್ಲ. ಹಾಗಂತ ಎಂಟೂ ಸರಿ ಅಂತ ತಿಳಿಯಬೇಡಿ. ಕೆಟ್ಟ ಚಿಪ್ ಸುಮ್ಮನಿದ್ದರೆ ಮೇಲಿನದು ಅದರ ಬದಲು ಉತ್ತರ ಕೊಡುತ್ತದೆ. ಕೆಟ್ಟದ್ದು ತಪ್ಪು ಉತ್ತರವನ್ನೇ ಬಲವಾಗಿ ಕೊಡುತ್ತಿದ್ದರೆ ಮೇಲಿನದರ ಮಾತು ನಡೆಯುವುದಿಲ್ಲ.

ಕೊನೆಗೆ ಡೆಡ್ ಟೆಸ್ಟ್ ಕಾರ್ಟ್ರಿಜ್ ತರಿಸಿದೆ. ಜೊತೆಗೇ ಎಂಟು 4164 ಚಿಪ್ ಮತ್ತು 16 ಕಾಲಿನ ಸಾಕೆಟ್‌ಗಳನ್ನೂ ತರಿಸಿಕೊಂಡೆ, ಸಾಗಣೆ ಖರ್ಚು ಎರಡು ಸಲ ಬೀಳಬಾರದು ಅಂತ. ಚಿಪ್‌ಗಳ ಬೆಲೆಗಿಂತ ಸಾಗಣೆಯೇ ಜಾಸ್ತಿ. ಒಟ್ಟು ಎರಡು ವಾರ. ಇದನ್ನು ಮೊದಲ ವಾರವೇ ತರಿಸಬೇಕಿತ್ತು. ಮಾಮೂಲಿ ಪರೀಕ್ಷೆ ಕಾರ್ಟ್ರಿಜ್‌ಗಳಿಗೆ ಕಂಪ್ಯೂಟರ್ ಅರ್ಧವಾದರೂ ನಡೆಯುತ್ತಿರಬೇಕು. ಇದಕ್ಕೆ ಅದು ಬೇಡ. ಹಿಂದೆ ಸಿಕ್ಕಿಸಿ ಆನ್ ಮಾಡಿದರೆ ಕಂಪ್ಯೂಟರ್ ತನ್ನ ಸ್ವಂತ ರೋಮ್ ಬಿಟ್ಟು ಕಾರ್ಟ್ರಿಜ್‌ನಲ್ಲಿರುವುದನ್ನೇ ಓದುತ್ತದೆ, ಮೊದಲು ರಾಮ್ ಪರೀಕ್ಷೆ ಮಾಡುತ್ತದೆ. ಕೆಟ್ಟ ಚಿಪ್ ಸಿಕ್ಕರೆ ಪರದೆಯನ್ನು ಮಿಂಚಿಸುತ್ತದೆ. ಎಷ್ಟು ಸಲ ಮಿಂಚಿತು ಅನ್ನುವುದರಿಂದ ಯಾವ ಚಿಪ್ ಅಂತ ಗೊತ್ತಾಗುತ್ತದೆ.

ಆನ್ ಮಾಡಿದೆ. ಹತ್ತು ಸೆಕೆಂಡ್‌ನಷ್ಟು ಕಪ್ಪು. ಆಮೇಲೆ ಪರದೆ ಬೆಳ್ಳಗೆ ಮಿಂಚಿತು. ಒಂದು, ಎರಡು, ಮೂರು, ನಾಲ್ಕು. ನಿಂತಿತು. ಮತ್ತೆ ನಾಲ್ಕು. ಎಂಟು ವಾರಗಳಲ್ಲಿ ಆ ಯಂತ್ರ ನನಗೆ ಹೇಳಿದ ಮೊದಲ ಮಾತು ಅದು. ಕಣ್ಣಲ್ಲಿ ನೀರು ಬಂತು. ಮೂರು ಸಲ ಆಫ್ ಮಾಡಿ ಆನ್ ಮಾಡಿ ಎಣಿಸಿದೆ, ಪ್ರತಿ ಸಲವೂ ನಾಲ್ಕೇ. ಕಾರ್ಟ್ರಿಜ್‌ನ ಪಟ್ಟಿಯಲ್ಲಿ ನಾಲ್ಕು ಅಂದರೆ ಯು23, ಬೋರ್ಡಿನ ಮೇಲೆ ಆ ಗುರುತಿರುವ ರಾಮ್ ಚಿಪ್.

ಇನ್ನು ಬೆಸುಗೆಯ ಕೆಲಸ. ಇಲ್ಲಿ ನನ್ನ ಎರಡನೇ ದೊಡ್ಡ ತಪ್ಪು ನಡೆಯಿತು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರಾಮ್ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿದ್ದರು. ಹದಿನಾರು ಕಾಲು. ಪ್ರತಿ ಕಾಲಿನ ಬೆಸುಗೆ ಕರಗಿಸಿ ಪಂಪಿನಿಂದ ಎಳೆಯಬೇಕು. ಹದಿನಾಲ್ಕು ಸಲೀಸಾಗಿ ಬಂದವು. ಎರಡು ಬರಲಿಲ್ಲ. ಸಾಕಷ್ಟು ಬಿಟ್ಟಿದೆ ಅಂದುಕೊಂಡು ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದೆ. ಚಿಪ್ ಬಂತು. ಜೊತೆಗೆ ಬೋರ್ಡಿನ ಮೇಲ್ಭಾಗದಲ್ಲಿ ಕಾಲಿನ ತೂತಿನ ಸುತ್ತ ಇರುವ ಒಂದು ತಾಮ್ರದ ಬಳೆಯೂ ಕಿತ್ತು ಬಂದಿತ್ತು. ಅದನ್ನು ನಾನು ನೋಡಲೇ ಇಲ್ಲ. ಅದರ ಮೇಲೇ ಸಾಕೆಟ್ ಬೆಸೆದುಬಿಟ್ಟೆ.

ಹೊಸ ಚಿಪ್ ಕೂರಿಸಿ ಆನ್ ಮಾಡಿದರೆ ಮತ್ತೆ ಕಪ್ಪು. ಕಾರ್ಟ್ರಿಜ್ ಹಾಕಿದರೆ ಮತ್ತೆ ನಾಲ್ಕು ಮಿಂಚು. ಹೊಸ ಚಿಪ್ಪೂ ಕೆಟ್ಟದ್ದೇ ಅಂತ ಇನ್ನೊಂದು ಹಾಕಿದೆ, ಮತ್ತೊಂದು ಹಾಕಿದೆ. ನಾಲ್ಕೇ. ಮೂರನೇ ಚಿಪ್ ಹೊತ್ತಿಗೆ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ನಾನೇ ಬರೆದ ನಿಯಮ ನೆನಪಾಯಿತು.

ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ ಕೂತೆ. ಎಂಟು ರಾಮ್ ಚಿಪ್‌ಗಳಿಗೂ ವಿಳಾಸದ ಗೆರೆಗಳು ಒಂದೇ. ಅಂದರೆ ಒಂದು ಚಿಪ್ಪಿನ 5ನೇ ಕಾಲಿಗೂ ಪಕ್ಕದ ಚಿಪ್ಪಿನ 5ನೇ ಕಾಲಿಗೂ ಸಂಪರ್ಕ ಇರಲೇಬೇಕು, 6ಕ್ಕೆ 6, 7ಕ್ಕೆ 7, ಹೀಗೆ. 2 ಮತ್ತು 14 ಮಾತ್ರ ಬೇರೆ, ಅವು ಆಯಾ ಚಿಪ್ಪಿನ ಸ್ವಂತ ಡೇಟಾ ಕಾಲುಗಳು, ಒಂದೇ ಚಿಪ್ಪಿನಲ್ಲಿ ಅವೆರಡರ ನಡುವೆ ಬೀಪ್ ಬರಬೇಕು. ಒಂದೊಂದಾಗಿ ಮುಟ್ಟುತ್ತಾ ಹೋದೆ. 13ರಲ್ಲಿ ಸದ್ದಿಲ್ಲ. ಭೂತಗನ್ನಡಿ ಹಿಡಿದು ಸಾಕೆಟ್ ಕೆಳಗೆ ಇಣುಕಿದಾಗ ಕಿತ್ತುಹೋದ ಬಳೆ ಕಾಣಿಸಿತು. ಬೋರ್ಡಿನ ಹಿಂಭಾಗದಲ್ಲಿ ಯು23ರ 13ನೇ ಕಾಲಿನಿಂದ ಪಕ್ಕದ ಚಿಪ್ಪಿನ 13ನೇ ಕಾಲಿಗೆ ಒಂದು ತೆಳ್ಳನೆಯ ವೈರ್ ಬೆಸೆದೆ.

ನೀವು ಈ ಕೆಲಸಕ್ಕೆ ಇಳಿದರೆ ಹೀಗೆ ಮಾಡಿ. ಚಿಪ್ ಕೆಟ್ಟಿದೆ ಅಂತ ಖಚಿತವಾದ ಮೇಲೆ ಅದನ್ನು ಉಳಿಸಲು ನೋಡಬೇಡಿ. ಚೂಪು ಕಟ್ಟರ್‌ನಿಂದ ಹದಿನಾರೂ ಕಾಲುಗಳನ್ನು ಚಿಪ್ಪಿನ ಮೈಗೆ ಹತ್ತಿರ ಕತ್ತರಿಸಿ ಮೈಯನ್ನು ತೆಗೆದುಬಿಡಿ. ಆಮೇಲೆ ಒಂದೊಂದು ಕಾಲನ್ನೂ ಬಿಸಿ ಮಾಡಿ ಇಕ್ಕಳದಿಂದ ಎಳೆದರೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರುತ್ತದೆ. ಬೋರ್ಡ್ ಉಳಿಯುತ್ತದೆ. ಗ್ರೌಂಡ್ ಕಾಲಿಗೆ ಹೆಚ್ಚು ಬಿಸಿ ಬೇಕು, ಅದು ಅಗಲವಾದ ತಾಮ್ರಕ್ಕೆ ಸೇರಿರುತ್ತದೆ, ಬಿಸಿಯನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಹಳೆಯ ಬೆಸುಗೆ ಕರಗದೆ ಹಠ ಮಾಡಿದರೆ ಸ್ವಲ್ಪ ಹೊಸ ಬೆಸುಗೆ ಸೇರಿಸಿ, ಬೆಸುಗೆ ಸಲೀಸಾಗಿ ಹರಿಯುವಂತೆ ಮಾಡುವ ಫ್ಲಕ್ಸ್ ಹಚ್ಚಿ, ಆಮೇಲೆ ಎಳೆಯಿರಿ. ಚಿಪ್ಪಿನ ಮೇಲಿನ ಕಚ್ಚು ಯಾವ ಕಡೆಗಿದೆ ಅಂತ ಎರಡೆರಡು ಸಲ ನೋಡಿ. ಈ 4164ರಲ್ಲಿ 5 ವೋಲ್ಟ್ ಬರುವುದು 8ನೇ ಕಾಲಿಗೆ, ಗ್ರೌಂಡ್ 16ಕ್ಕೆ. ಸಾಮಾನ್ಯ ಲಾಜಿಕ್ ಚಿಪ್‌ಗಳಲ್ಲಿ ಇದು ತಿರುಗಾಮುರುಗಾ ಇರುತ್ತದೆ, ಅಭ್ಯಾಸ ಇರುವವರೂ ಇಲ್ಲಿ ಎಡವುತ್ತಾರೆ. ಮೊದಲ ಸಲ ಬೆಸುಗೆ ಹಿಡಿಯುವವರಾದರೆ ಯಾವುದಾದರೂ ಹಾಳಾದ ಬೋರ್ಡಿನ ಮೇಲೆ ಎರಡು ಸಂಜೆ ಅಭ್ಯಾಸ ಮಾಡಿ.

ವೈರ್ ಬೆಸೆದ ರಾತ್ರಿ ಕಾರ್ಟ್ರಿಜ್ ಹಾಕಲಿಲ್ಲ. ಬರೀ ಕಂಪ್ಯೂಟರ್ ಆನ್ ಮಾಡಿದೆ. ಒಂದೆರಡು ಕ್ಷಣ ಕಪ್ಪು, ಮಾಮೂಲಿಯಾಗಿಯೇ ಅಷ್ಟು ಹೊತ್ತು ಬೇಕು. ನನಗೆ ಉಸಿರೇ ನಿಂತ ಹಾಗಿತ್ತು. ನೀಲಿ ಬಂತು. ತಿಳಿನೀಲಿ ಅಂಚು, ಒಳಗೆ ಗಾಢ ನೀಲಿ, ಮೇಲೆ ಕಮೊಡೋರ್ 64 ಬೇಸಿಕ್ ವಿ2, ಅದರ ಕೆಳಗೆ 38911 ಬೈಟ್ ಖಾಲಿ ಇದೆ ಅನ್ನುವ ಸಾಲು, ‘ರೆಡಿ’, ಮಿಣುಕುವ ಕರ್ಸರ್.

ಆ ಸಂಖ್ಯೆಯನ್ನು ನೋಡದೆ ಬಿಡಬೇಡಿ. ಕಂಪ್ಯೂಟರ್ ಶುರುವಾಗುವಾಗ ಮೆಮೊರಿಯನ್ನು ಮುಟ್ಟಿ ಮುಟ್ಟಿ ನೋಡುತ್ತಾ ಹೋಗುತ್ತದೆ, ತಪ್ಪು ಸಿಕ್ಕಲ್ಲಿ ನಿಲ್ಲಿಸುತ್ತದೆ. ಬೇಸಿಕ್ ಭಾಷೆಯ ಪ್ರೋಗ್ರಾಮಿನ ಜಾಗ 2049ನೇ ವಿಳಾಸದಿಂದ 40959ರವರೆಗೆ, ಎಣಿಸಿದರೆ ಸರಿಯಾಗಿ 38911. ಅದಕ್ಕಿಂತ ಕಡಿಮೆ ತೋರಿಸಿದರೆ ರಾಮ್‌ನಲ್ಲಿ ಇನ್ನೂ ಏನೋ ಇದೆ ಅಂತ ಅರ್ಥ. ಕರ್ಸರ್ ಮಿಣುಕುವುದೂ ಒಳ್ಳೆಯ ಲಕ್ಷಣ. ಅದಕ್ಕೆ ತಾಳ ಹಾಕುವುದು ಸಿಐಎ ಅನ್ನುವ ಇನ್ನೊಂದು ಚಿಪ್. ಅದು ಬದುಕಿದೆ ಅಂತ ಗೊತ್ತಾಯಿತು.

ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. ‘ಏನಾದ್ರೂ ಟೈಪ್ ಮಾಡಿ ನೋಡಿದ್ಯಾ?’ ಅಂದರು. ಮಾಡಿದೆ. ಎ ಬರಲಿಲ್ಲ. ಆರ್ ಬರಲಿಲ್ಲ. ರಿಟರ್ನ್ ಗಟ್ಟಿಯಾಗಿ ಒತ್ತಿದರೆ ಒಮ್ಮೊಮ್ಮೆ ಬರುತ್ತಿತ್ತು.

ಕೀಗಳು ಅಲ್ಲೊಂದು ಇಲ್ಲೊಂದು ಸತ್ತಿದ್ದರೆ ಅದು ಕೊಳೆ. ಒಂದೇ ಗೆರೆಗೆ ಸೇರಿದ ಎಂಟು ಕೀಗಳು ಒಟ್ಟಿಗೆ ಸತ್ತಿದ್ದರೆ ಕನೆಕ್ಟರ್ ಅಥವಾ ಕೀಬೋರ್ಡನ್ನೂ ಓದುವ ಸಿಐಎ ನೋಡಬೇಕು. ನನ್ನದು ಕೊಳೆಯೇ. ಕೀಬೋರ್ಡ್ ತಿರುವಿ ಹಾಕಿದರೆ ಹಿಂದೆ ಇಪ್ಪತ್ತಕ್ಕೂ ಜಾಸ್ತಿ ಪುಟ್ಟ ಸ್ಕ್ರೂಗಳು. ಅವನ್ನು ತೆಗೆಯುವ ಮುಂಚೆ ಶಿಫ್ಟ್ ಲಾಕ್ ಕೀಯ ಎರಡು ವೈರ್‌ಗಳ ಬೆಸುಗೆ ಬಿಡಿಸಬೇಕು, ಇಲ್ಲದಿದ್ದರೆ ಹಲಗೆ ಮೇಲೇಳುವುದಿಲ್ಲ, ಬಲವಂತ ಮಾಡಿದರೆ ವೈರ್ ಹರಿಯುತ್ತದೆ. ಒಳಗೆ ಪ್ರತಿ ಕೀ ಕೆಳಗೆ ಒಂದು ಕಪ್ಪು ಕಾರ್ಬನ್ ಗುಂಡಿ, ಅದು ತಾಗುವ ಜಾಗ ಹಲಗೆಯ ಮೇಲೆ. ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಉಜ್ಜು ಕಾಗದ ಮುಟ್ಟಿಸಬೇಡಿ, ಕಾರ್ಬನ್ ಪದರ ಹೋದರೆ ಕೀಯೇ ಹೋದಂತೆ. 66 ಕೀಗಳಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಈ ಹನ್ನೊಂದು ವಾರದಲ್ಲಿ ನಾನು ಅತಿ ನೆಮ್ಮದಿಯಿಂದ ಮಾಡಿದ ಕೆಲಸ ಇದೇ. ಕೊಳೆ ಹತ್ತಿಗೆ ಬರುವುದು ಕಣ್ಣಿಗೆ ಕಾಣುತ್ತದೆ, ಊಹೆಯ ಮಾತೇ ಇಲ್ಲ.

ಧ್ವನಿ ನೋಡಲು ಸಣ್ಣ ಉಪಾಯ ಇದೆ. ಪೋಕ್ (POKE) ಅನ್ನುವುದು ಒಂದು ವಿಳಾಸಕ್ಕೆ ಸಂಖ್ಯೆ ಬರೆಯುವ ಬೇಸಿಕ್ ಆಜ್ಞೆ. ಪೋಕ್ 54296,15 ಅಂತ ಟೈಪ್ ಮಾಡಿ ರಿಟರ್ನ್ ಒತ್ತಿ, ಆಮೇಲೆ 15ರ ಬದಲು 0 ಹಾಕಿ. ಧ್ವನಿ ಹೊರಡಿಸುವ ಎಸ್‌ಐಡಿ ಚಿಪ್‌ನ ಹಳೆಯ 6581 ಮಾದರಿಯಾದರೆ ಟಿವಿಯಲ್ಲಿ ‘ಟಕ್’ ಅನ್ನುವ ಸದ್ದು ಬರುತ್ತದೆ. ಬಂತು. ಪೋಕ್ 53280,0 ಅಂತ ಹಾಕಿದರೆ ಪರದೆಯ ಅಂಚು ಕಪ್ಪಾಗುತ್ತದೆ. ಎಂಟು ವಾರ ಹೆದರಿಸಿದ ಕಪ್ಪನ್ನು ಈ ಸಲ ನಾನೇ ಹೇಳಿ ಹಾಕಿಸಿದೆ.

ಖರ್ಚಿನ ಬಗ್ಗೆ ಎರಡು ಮಾತು. ಪವರ್ ಸಪ್ಲೈಗೆ ಎಲ್ಲಕ್ಕಿಂತ ಹೆಚ್ಚು. ಆಮೇಲೆ ಬೆಸುಗೆ ಸಾಮಾನು, ಅದು ಮುಂದೆಯೂ ಬರುತ್ತದೆ. ಬೇಡದ ಪಿಎಲ್‌ಎಗೆ ಕೊಟ್ಟದ್ದು ಪೂರಾ ದಂಡ. ಕೊನೆಗೆ ಯಂತ್ರವನ್ನು ಎಬ್ಬಿಸಿದ ಆ ಒಂದು ರಾಮ್ ಚಿಪ್ ಎಲ್ಲಕ್ಕಿಂತ ಅಗ್ಗದ ವಸ್ತು. ಕೆಪಾಸಿಟರ್‌ಗಳನ್ನೆಲ್ಲ ಮೊದಲೇ ಬದಲಿಸಿಬಿಡು ಅಂತ ಕೆಲವರು ಹೇಳಿದರು. ನಾನು ಬದಲಿಸಲಿಲ್ಲ. ಸೋರಿಲ್ಲ, ಉಬ್ಬಿಲ್ಲ, ವೋಲ್ಟೇಜ್ ಸ್ಥಿರವಾಗಿದೆ. ಬೋರ್ಡಿಗೆ ಬೆಸುಗೆ ಕಡ್ಡಿ ತಾಗಿಸಿದಷ್ಟೂ ಅಪಾಯ ಹೆಚ್ಚು ಅಂತ ಆ ಕಿತ್ತ ಬಳೆ ನನಗೆ ಕಲಿಸಿದೆ.

ಕಳೆದ ವಾರ ನಾಲ್ಕು ಗಂಟೆ ಸತತವಾಗಿ ಓಡಿಸಿದೆ. ಅರ್ಧ ಗಂಟೆಗೊಮ್ಮೆ 5 ವೋಲ್ಟ್ ಅಳೆದು ಬರೆದುಕೊಂಡೆ, ಎಲ್ಲೂ ಏರಲಿಲ್ಲ. ಶನಿವಾರ ಚಿಕ್ಕಪ್ಪ ಬಂದರು. ಕನ್ನಡಕ ಹಾಕಿಕೊಂಡು ಕೂತು, ನೋಡದೆಯೇ ಹತ್ತು ಸಾಲಿನ ಒಂದು ಪ್ರೋಗ್ರಾಮ್ ಟೈಪ್ ಮಾಡಿದರು. ಬೆರಳಿಗೆ ಎಲ್ಲವೂ ನೆನಪಿತ್ತು. ಹೋಗುವಾಗ ಚೀಲದಿಂದ ಐದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. ಆಗ ಅವರು ಬರೆದ ಪ್ರೋಗ್ರಾಮುಗಳು, ಮೇಲೆ ಅವರದೇ ಕೈಬರಹ.

ಅವನ್ನು ಓದುವ ಡೇಟಾಸೆಟ್ ನಿನ್ನೆ ಬಿಚ್ಚಿದೆ. ಒಳಗಿನ ರಬ್ಬರ್ ಬೆಲ್ಟ್ ಕರಗಿ ಟಾರಿನಂತೆ ಚಕ್ರಕ್ಕೆ ಮೆತ್ತಿಕೊಂಡಿದೆ. ಸುತ್ತಳತೆ ಅಳೆದು ಹೊಸ ಬೆಲ್ಟ್‌ಗೆ ಹೇಳಿದ್ದೇನೆ. ಅದು ಬರುವವರೆಗೆ ಕ್ಯಾಸೆಟ್‌ಗಳನ್ನು ಬಿಸಿಲು, ಸ್ಪೀಕರ್ ಎರಡರಿಂದಲೂ ದೂರ, ನೆಟ್ಟಗೆ ನಿಲ್ಲಿಸಿಟ್ಟಿದ್ದೇನೆ.